316ಎಲ್ ಟ್ಯಾಂಕಿಗೆ ಟಿಗ್, ಮಿಗ್, ರಾಡ್: ಯಾವುದು ಗಟ್ಟಿ, ಯಾವುದಕ್ಕೆ ತುಕ್ಕು?

ಪೀಣ್ಯ ಶೆಡ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಇದುವರೆಗೆ ಹೆಚ್ಚಾಗಿ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಕೆಲಸವೇ. ಈಗ ಮಲ್ಪೆ ಕಡೆಯ ಒಂದು ಮೀನು ಸಂಸ್ಕರಣಾ ಘಟಕದಿಂದ ಆರ್ಡರ್ ಬಂದಿದೆ. ಮೀನು ತೊಳೆಯುವ ಟ್ಯಾಂಕು, ಟೇಬಲ್ಲು, ನೆಲದ ಚರಂಡಿ ಚಾನೆಲ್, ಜೊತೆಗೆ ಸ್ವಲ್ಪ ಎರಡಿಂಚಿನ ಪೈಪ್‌ಲೈನ್. ಶೀಟು 3 ಮಿ.ಮೀ. 316ಎಲ್, ಅಂದರೆ ಕಾರ್ಬನ್ ಕಡಿಮೆ ಇರುವ ಸ್ಟೇನ್‌ಲೆಸ್ ಸ್ಟೀಲ್.

ನಮ್ಮ ಹತ್ತಿರ ಟಿಗ್ (ಟಂಗ್‌ಸ್ಟನ್ ಸೂಜಿ, ಆರ್ಗಾನ್ ಗ್ಯಾಸಿನ ವೆಲ್ಡಿಂಗ್) ಇನ್ವರ್ಟರ್ ಇದೆ, ಸಿಓಟು ಮೆಷಿನ್ (ತಂತಿ ತಾನೇ ಬರುವ ಮಿಗ್) ಇದೆ, ರಾಡ್‌ಗೆ (ಲೇಪ ಇರುವ ವೆಲ್ಡಿಂಗ್ ಕಡ್ಡಿಗೆ) ಹಳೇ ರೆಕ್ಟಿಫೈಯರ್ ಇದೆ. ಗಿರಾಕಿ ಕೇಳುವುದು ಎರಡೇ: ವೆಲ್ಡ್ ಗಟ್ಟಿ ಇರಬೇಕು, ತುಕ್ಕು ಬರಬಾರದು. ರಾಡ್‌ನಷ್ಟು ಗಟ್ಟಿ ಯಾವುದೂ ಇಲ್ಲ ಅನ್ನುವುದು ನಮ್ಮ ಫೋರ್‌ಮನ್ ವಾದ. ಟಿಗ್ ಮಾಡುವ ಹುಡುಗನಿಗೆ ಟಿಗ್ ಬಿಟ್ಟು ಬೇರೆ ಮಾತೇ ಬೇಡ. ದುಡ್ಡಿನ ಲೆಕ್ಕ ನೋಡುವ ನನಗೆ ಸಿಓಟು ವೇಗ ಇಷ್ಟ. ಯಾರ ಮಾತು ಕೇಳಲಿ?

ಟಂಗ್‌ಸ್ಟನ್ ತಮ್ಮ

ಟಿಗ್. ಕಣ್ಣು ಮುಚ್ಚಿ ಟಿಗ್. ಇದರಲ್ಲಿ ಚರ್ಚೆ ಮಾಡುವುದೇನಿದೆ?

ರಾಡ್ ರಂಗಣ್ಣ

ಕಣ್ಣು ಮುಚ್ಚಿ ಮಾಡಿದರೆ ಟಿಗ್ ಕೂಡ ಕೆಡುತ್ತದೆ ತಮ್ಮಾ.

ರಾಡ್ ಅಂದ ಕೂಡಲೇ ಮೂಗು ಮುರಿಯಬೇಡಿ. 316ಎಲ್‌ಗೆ ಅಂತ ಬರುವ ಇ316ಎಲ್-16 ರಾಡ್ ತಗೊಳ್ಳಿ, ಡಿಸಿ ರಿವರ್ಸ್, ಅಂದರೆ ರಾಡ್ ಪಾಸಿಟಿವ್‌ಗೆ. 2.5 ಮಿ.ಮೀ. ರಾಡ್‌ಗೆ 60ರಿಂದ 80 ಆಂಪ್ ಒಳಗೆ ಮುಗಿಸಿ. ಗಾಳಿ ಬೀಸುವ ಕಡೆ, ಸೈಟಿನಲ್ಲಿ, ಏಣಿ ಮೇಲೆ ನಿಂತು ಮಾಡುವಾಗ ಟಿಗ್ ಗ್ಯಾಸ್ ಹಾರಿಹೋಗುತ್ತದೆ. ಅಲ್ಲಿ ರಾಡೇ ಗತಿ. ಆದರೆ ಪ್ಯಾಕೆಟ್ ಒಡೆದು ಮಳೆಗಾಲದಲ್ಲಿ ಹೊರಗೆ ಬಿಟ್ಟ ರಾಡ್ ಹಾಕಬೇಡಿ. ಪ್ಯಾಕೆಟ್ ಮೇಲೆ ಬರೆದಷ್ಟು ಬಿಸಿಯಲ್ಲಿ ಓವನ್‌ನಲ್ಲಿ ಒಣಗಿಸಿ. ಇಲ್ಲದಿದ್ದರೆ ವೆಲ್ಡ್ ತುಂಬ ಗುಳ್ಳೆ ಬರುತ್ತದೆ.

3 ಮಿ.ಮೀ. ಶೀಟಿಗೆ ನಾನೂ ರಾಡ್ ಹಿಡಿಯುವುದಿಲ್ಲ, ಅದು ಬೇರೆ ವಿಷಯ. ತೆಳು ಶೀಟು ರಾಡ್‌ಗೆ ಡೊಂಕಾಗುವ ರೀತಿ ನೋಡಿದರೆ ಗಿರಾಕಿ ಟ್ಯಾಂಕು ವಾಪಸ್ ಕಳಿಸುತ್ತಾನೆ.

ಲೋಹ ಮೇಷ್ಟ್ರು

ಮೊದಲು ಗಟ್ಟಿತನದ ಜಗಳ ಮುಗಿಸಿಬಿಡೋಣ. ಅದು ನಿಜವಾಗಿ ಜಗಳವೇ ಅಲ್ಲ.

ಎಎಸ್‌ಟಿಎಂ ಎ240 ಮಾನದಂಡದ ಪ್ರಕಾರ 316ಎಲ್ ಶೀಟಿಗೆ ಕನಿಷ್ಠ ಟೆನ್ಸೈಲ್ ಸ್ಟ್ರೆಂತ್ (ಹರಿಯುವ ಮೊದಲು ತಡೆಯುವ ಎಳೆತ) 485 ಮೆಗಾಪ್ಯಾಸ್ಕಲ್, ಯೀಲ್ಡ್ (ಮತ್ತೆ ಮೊದಲಿನಂತಾಗದೆ ಹಿಗ್ಗಲು ಶುರುವಾಗುವ ಎಳೆತ) 170. ಇ316ಎಲ್ ರಾಡ್ ಸುರಿಯುವ ಲೋಹಕ್ಕೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎ5.4 ಮಾನದಂಡ ಕೇಳುವುದು ಕನಿಷ್ಠ 490. ವೆಲ್ಡ್ ಮೆಟಲ್‌ನ ಯೀಲ್ಡ್ ಸಾಮಾನ್ಯವಾಗಿ ಶೀಟಿನದಕ್ಕಿಂತ ಜಾಸ್ತಿಯೇ ಇರುತ್ತದೆ. ಟಿಗ್, ಮಿಗ್‌ಗೆ ಇಆರ್316ಎಲ್ ತಂತಿ ಹಾಕಿದರೂ ಕಥೆ ಇದೇ. ಪೂರ್ತಿ ಒಳಗಿಳಿದ, ಗುಳ್ಳೆ ಇಲ್ಲದ ಜಾಯಿಂಟನ್ನು ಮೆಷಿನ್‌ನಲ್ಲಿ ಎಳೆದರೆ ಬಹುಪಾಲು ಶೀಟೇ ಹರಿಯುತ್ತದೆ. ಯಾವ ವಿಧಾನದಲ್ಲಿ ಮಾಡಿದ್ದು ಅಂತ ಆ ತುಂಡು ನೋಡಿ ಹೇಳಲು ಆಗುವುದಿಲ್ಲ. ನಿಮ್ಮ ಫೋರ್‌ಮನ್‌ಗೆ ರಾಡ್ ಗಟ್ಟಿ ಅನ್ನಿಸುವುದಕ್ಕೆ ಎಂಎಸ್ ಅನುಭವ ಕಾರಣ ಇರಬಹುದು. ಸಿಓಟುನಲ್ಲಿ ಕರೆಂಟ್ ಕಡಿಮೆ ಇಟ್ಟರೆ ವೆಲ್ಡ್ ಮೇಲೆ ಕೂತಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ.

ಒಂದು ಕಡೆ ಮಾತ್ರ ವ್ಯತ್ಯಾಸ ನಿಜ. ದ್ರವ ನೈಟ್ರೋಜನ್, ದ್ರವ ಆಮ್ಲಜನಕದ ಟ್ಯಾಂಕುಗಳಲ್ಲಿ, ಮೈನಸ್ 196 ಡಿಗ್ರಿ ಹತ್ತಿರ, ಟಿಗ್ ವೆಲ್ಡ್ ಹೆಚ್ಚು ಪೆಟ್ಟು ತಡೆಯುತ್ತದೆ. ರಾಡ್‌ನಂತೆ ಫ್ಲಕ್ಸ್ (ಕರಗಿದ ಲೋಹವನ್ನು ಕಾಪಾಡುವ ಲೇಪ ಅಥವಾ ಪುಡಿ) ಬಳಸುವ ವಿಧಾನಗಳಲ್ಲಿ ಲೋಹದೊಳಗೆ ಆಕ್ಸೈಡ್ ಕಣಗಳು ಜಾಸ್ತಿ ಉಳಿಯುತ್ತವೆ. ಮೀನಿನ ಟ್ಯಾಂಕಿಗೆ ಇದು ಬೇಕಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಅರ್ಧ ಬಿಟ್ಟುಹೋಯಿತು. ಉಳಿದದ್ದು ತುಕ್ಕು.

ಪೀಣ್ಯ ಶೆಡ್

ಸರ್, ತುಕ್ಕಿಗೆ ಕಾರಣ ಕಾರ್ಬೈಡ್ ಅಂತ ಕೇಳಿದ್ದೆ. ವೆಲ್ಡ್ ಪಕ್ಕದ ಪಟ್ಟಿ ಕೊಳೆಯುತ್ತದೆ ಅಂತಾರಲ್ಲ, ಅದು ಟಿಗ್‌ನಲ್ಲಿ ಕಡಿಮೆಯಾ?

ಲೋಹ ಮೇಷ್ಟ್ರು

ಅದಕ್ಕೆ ಸೆನ್ಸಿಟೈಸೇಷನ್ ಅನ್ನುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ತಡೆಯುವುದು ಕ್ರೋಮಿಯಂನಿಂದ. ಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡ್ ಪದರ ಕೂರುತ್ತದೆ. ಸ್ಟೀಲು ಸುಮಾರು 450ರಿಂದ 850 ಡಿಗ್ರಿ ನಡುವೆ ಜಾಸ್ತಿ ಹೊತ್ತು ನಿಂತರೆ ಅದರಲ್ಲಿರುವ ಕಾರ್ಬನ್ ಕ್ರೋಮಿಯಂ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅಂಚಿನ ಪಕ್ಕದ ಜಾಗದಲ್ಲಿ ಕ್ರೋಮಿಯಂ ಕಡಿಮೆಯಾಗುತ್ತದೆ. ಆಮೇಲೆ ಆಮ್ಲವೋ ಉಪ್ಪುನೀರೋ ಆ ಅಂಚು ಹಿಡಿದು ತಿನ್ನುತ್ತದೆ.

ಸಾಮಾನ್ಯ ಸ್ಟೇನ್‌ಲೆಸ್ ಗ್ರೇಡ್ ಆದ ಹಳೆಯ 304ರಲ್ಲಿ ಕಾರ್ಬನ್ 0.08 ಶೇಕಡಾ ತನಕ ಇರುತ್ತಿತ್ತು. ಅಲ್ಲಿ ಇದು ನಿಮಿಷಗಳ ಲೆಕ್ಕದಲ್ಲಿ ಆಗುತ್ತಿತ್ತು. ಎಲ್ ಗ್ರೇಡ್‌ನಲ್ಲಿ ಕಾರ್ಬನ್ 0.03 ಶೇಕಡಾ ಮೀರುವಂತಿಲ್ಲ. ಇಲ್ಲಿ ಕಾರ್ಬೈಡ್ ಕೂರಲು ಬಹಳ ಹೊತ್ತು ಬೇಕು. 3 ಮಿ.ಮೀ. ಶೀಟಿನ ವೆಲ್ಡ್ ಕೆಲವೇ ಸೆಕೆಂಡಿನಲ್ಲಿ ಆ ಬಿಸಿ ದಾಟಿ ತಣ್ಣಗಾಗುತ್ತದೆ. ಆದ್ದರಿಂದ 316ಎಲ್ ತೆಳು ಶೀಟಿನಲ್ಲಿ ಕಾರ್ಬೈಡ್ ಭಯ ಇಟ್ಟುಕೊಂಡು ವಿಧಾನ ಆರಿಸುವುದು ಸುಮ್ನೆ. ಈ ಗ್ರೇಡ್ ಹುಟ್ಟಿದ್ದೇ ಆ ಭಯ ಕಳೆಯಲು.

ಆದರೆ ಒಂದು ಷರತ್ತು. ನೀವೇ ವೆಲ್ಡ್ ಒಳಗೆ ಹೊಸ ಕಾರ್ಬನ್ ತುಂಬಬಾರದು. ಅದಕ್ಕೇ ನಿಮ್ಮ ಸಿಓಟು ಆಸೆ ನನಗೆ ಹೆದರಿಕೆ ತರಿಸಿದ್ದು.

ವೈರ್ ಫೀಡರ್

ಮೇಷ್ಟ್ರೇ, ಮಿಗ್‌ನ್ನು ಒಟ್ಟಿಗೇ ಬೈಯಬೇಡಿ. ತಪ್ಪು ಮೆಷಿನ್‌ದಲ್ಲ, ಗ್ಯಾಸಿನದು.

ಎಂಎಸ್‌ಗೆ ಹಾಕುವ ನೂರಕ್ಕೆ ನೂರು ಸಿಓಟು ಗ್ಯಾಸನ್ನು ಇಆರ್316ಎಲ್ ಸಾಲಿಡ್ ತಂತಿಗೆ ಹಾಕಿದರೆ ಆರ್ಕ್‌ನಲ್ಲಿ ಗ್ಯಾಸ್ ಒಡೆದು ವೆಲ್ಡ್ ಕಾರ್ಬನ್ ಎಳೆದುಕೊಳ್ಳುತ್ತದೆ. ಎಲ್ ತಂತಿಗೆ ದುಡ್ಡು ಕೊಟ್ಟು ಎಲ್ ಅಲ್ಲದ ವೆಲ್ಡ್ ಪಡೆದ ಹಾಗೆ. ಮೇಲ್ಮೈಯೂ ಕಪ್ಪಗೆ, ಒರಟಾಗಿ ಬರುತ್ತದೆ. ಎಂಎಸ್‌ಗೆ ಸಿಗುವ 80-20 ಮಿಕ್ಸ್ (80 ಪಾಲು ಆರ್ಗಾನ್, 20 ಪಾಲು ಸಿಓಟು) ಕೂಡ ಸಾಲಿಡ್ ತಂತಿಗೆ ಬೇಡ. ಸ್ಟೇನ್‌ಲೆಸ್‌ಗೆ ಬೇಕಾದದ್ದು ಆರ್ಗಾನ್ ಜೊತೆ 2 ಶೇಕಡಾ ಆಮ್ಲಜನಕ, ಅಥವಾ 2ರಿಂದ 2.5 ಶೇಕಡಾ ಸಿಓಟು. ಬರೀ ಆರ್ಗಾನ್ ಹಾಕಿದರೆ ಆರ್ಕ್ ಅತ್ತಿತ್ತ ಅಲೆಯುತ್ತದೆ.

ಇನ್ನು ಫ್ಲಕ್ಸ್ ಕೋರ್ಡ್ ತಂತಿ, ಅಂದರೆ ಒಳಗೆ ಫ್ಲಕ್ಸ್ ತುಂಬಿದ್ದು. ಇ316ಎಲ್‌ಟಿ1-1 ಅಂತ ಬರೆದಿರುವುದನ್ನು ಸಿಓಟು ಗ್ಯಾಸಿಗೆ ಅಂತಲೇ ಮಾಡಿರುತ್ತಾರೆ. ಕೊನೆಯ ಅಂಕಿ 4 ಇದ್ದರೆ ಆರ್ಗಾನ್-ಸಿಓಟು ಮಿಕ್ಸ್‌ಗೆ. ಅಲ್ಲಿ ಹನಿಯ ಮೇಲೆ ಸ್ಲ್ಯಾಗ್ (ಫ್ಲಕ್ಸ್ ಕರಗಿ ಆಗುವ ಪೊರೆ) ಮುಚ್ಚಿಕೊಂಡಿರುವುದರಿಂದ ಕಾರ್ಬನ್ ಅಷ್ಟು ಏರುವುದಿಲ್ಲ. ಅಂದರೆ ಅದೇ ಸಿಲಿಂಡರ್ ಒಂದು ತಂತಿಗೆ ಸರಿ, ಇನ್ನೊಂದಕ್ಕೆ ತಪ್ಪು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಕೇಳಿದರೆ ಎಲ್ಲದಕ್ಕೂ ನಡೆಯುತ್ತದೆ ಅಂತಾರೆ.

ಟಂಗ್‌ಸ್ಟನ್ ತಮ್ಮ

ಏನೇ ಆಗಲಿ, ಟಿಗ್‌ನಲ್ಲಿ ಬಿಸಿ ಕಡಿಮೆ. ಅದಕ್ಕೇ ಶೀಟು ಡೊಂಕಾಗುವುದಿಲ್ಲ.

ಲೋಹ ಮೇಷ್ಟ್ರು

ಇದನ್ನು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ.

ಟಿಗ್: 100 ಆಂಪ್, 12 ವೋಲ್ಟ್, ನಿಮಿಷಕ್ಕೆ 80 ಮಿ.ಮೀ. ವೇಗ ಅಂದುಕೊಳ್ಳಿ. ಆಂಪ್, ವೋಲ್ಟ್ ಗುಣಿಸಿ 60ರಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಮಿಲಿಮೀಟರಿಗೆ 900 ಜೂಲ್. ಟಿಗ್ ಆರ್ಕ್‌ನ ದಕ್ಷತೆ 0.6 ಅಂತ ಹಿಡಿದರೂ 540 ಜೂಲ್ ಶೀಟಿಗೆ ಹೋಗುತ್ತದೆ.

ಪಲ್ಸ್ ಮಿಗ್ (ಕರೆಂಟ್ ಏರಿಳಿಯುತ್ತಾ ಬರುವ ಮಿಗ್): 120 ಆಂಪ್, 20 ವೋಲ್ಟ್, ನಿಮಿಷಕ್ಕೆ 400 ಮಿ.ಮೀ. ಬರುವುದು 360 ಜೂಲ್. ದಕ್ಷತೆ 0.8 ಹಿಡಿದರೆ 288.

ಕೈ ನಿಧಾನ ಆದಷ್ಟೂ ಬಿಸಿ ಜಾಸ್ತಿ. ಟಿಗ್‌ನಲ್ಲಿ ಬಿಸಿ ನಿಮ್ಮ ಹಿಡಿತದಲ್ಲಿ ಇರುತ್ತದೆ, ಅದು ನಿಜ. ಕಡಿಮೆ ಇರುತ್ತದೆ ಅನ್ನುವುದು ನಿಜವಲ್ಲ. ಉದ್ದ ನೇರ ಸೀಮಿಗೆ ಚೆನ್ನಾಗಿ ಸೆಟ್ ಮಾಡಿದ ಪಲ್ಸ್ ಮಿಗ್ ಶೀಟನ್ನು ಕಡಿಮೆ ಡೊಂಕು ಮಾಡುತ್ತದೆ. ಈ ಸ್ಟೀಲು ಎಂಎಸ್‌ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಬಿಸಿಯನ್ನು ಮೂರರಲ್ಲಿ ಒಂದು ಪಾಲಷ್ಟೇ ಸಾಗಿಸುತ್ತದೆ. ಬಿಸಿ ಒಂದೇ ಕಡೆ ನಿಂತು ಶೀಟು ಎದ್ದು ಬರುತ್ತದೆ. ಎಂಎಸ್‌ಗೆ ಹಾಕುವ ದೂರದಲ್ಲಿ ಟ್ಯಾಕ್ (ಶೀಟು ಹಿಡಿದಿಡುವ ಚುಕ್ಕೆ ವೆಲ್ಡ್) ಹಾಕಿದರೆ ಸಾಲದು, ಇನ್ನೂ ಹತ್ತಿರ ಹಾಕಿ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ. ಒಂದಕ್ಕಿಂತ ಜಾಸ್ತಿ ಪಾಸ್ ಇದ್ದರೆ ಮಧ್ಯೆ 150 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಿ.

ಟಂಗ್‌ಸ್ಟನ್ ತಮ್ಮ

ಸರಿ ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೂ ಮೂಲೆ, ಬೆಂಡ್, ಪೈಪ್ ಬಾಯಿಗೆ ಟಿಗ್ಗೇ.

ಗಲ್ಫ್ ಪೈಪಿಂಗ್

ಪೈಪಿನ ಮಾತು ಬಂತಲ್ಲ, ನಾನೂ ಸೇರಿಕೊಳ್ಳುತ್ತೇನೆ. ಊರು ಕುಂದಾಪುರ, ಕೆಲಸ ಕೊಲ್ಲಿಯ ಕಡೆ ಪ್ಲಾಂಟುಗಳಲ್ಲಿ.

ಎಲ್ಲರೂ ವೆಲ್ಡಿನ ಮುಂಭಾಗದ ಬಗ್ಗೆ ಮಾತಾಡುತ್ತಿದ್ದೀರಿ. ಟ್ಯಾಂಕಿಗೂ ಪೈಪಿಗೂ ನೀರು ತಾಗುವುದು ಹಿಂಭಾಗಕ್ಕೆ. ಟಿಗ್ ಮಾಡಿ, ಮುಂದೆ ಬಂಗಾರದ ಬಣ್ಣದ ಚಂದದ ವೆಲ್ಡ್ ಬಂದಿರುತ್ತದೆ. ಪೈಪನ್ನು ಸೀಳಿ ಒಳಗೆ ನೋಡಿದರೆ ರೂಟ್ (ವೆಲ್ಡಿನ ತಳ) ಕಪ್ಪಗೆ, ಹರಳು ಹರಳಾಗಿ ಸುಟ್ಟಿರುತ್ತದೆ. ನಾವು ಶುಗರಿಂಗ್ ಅನ್ನುತ್ತೇವೆ. ಬಿಸಿ ಲೋಹಕ್ಕೆ ಹಿಂದಿನಿಂದ ಗಾಳಿ ತಾಗಿದ ಫಲ ಅದು. ಆ ಬಿರುಕು ಬಿರುಕಾದ ಜಾಗದಲ್ಲಿ ಉಪ್ಪು ಕೂತರೆ 316ಎಲ್ ಇದ್ದರೂ ತೂತು ಬೀಳುತ್ತದೆ. ಪರ್ಜ್ ಇಲ್ಲದೆ ಮಾಡಿದ ಟಿಗ್ ರೂಟ್‌ಗಿಂತ ಚೆನ್ನಾಗಿ ಸ್ಲ್ಯಾಗ್ ತೆಗೆದ ರಾಡ್ ರೂಟ್ ಎಷ್ಟೋ ಮೇಲು. ರಂಗಣ್ಣನವರಿಗೆ ಖುಷಿಯಾಗಲಿ ಅಂತ ಹೇಳುತ್ತಿಲ್ಲ, ರಾಡ್‌ನ ಸ್ಲ್ಯಾಗ್ ಹಿಂಭಾಗವನ್ನೂ ಸ್ವಲ್ಪ ಮುಚ್ಚುತ್ತದೆ.

ಪರ್ಜ್ ಅಂದರೆ ಪೈಪ್ ಒಳಗೆ ಆರ್ಗಾನ್ ತುಂಬಿ ಗಾಳಿ ಹೊರಗೆ ಹಾಕುವುದು. ಆರ್ಗಾನ್ ಗಾಳಿಗಿಂತ ಭಾರ. ಕೆಳಗಿನಿಂದ ಬಿಡಿ, ಮೇಲೆ ತೂತು ಇಡಿ. ಒಳ್ಳೆಯ ಕೆಲಸದಲ್ಲಿ ಒಳಗಿನ ಆಮ್ಲಜನಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಕೆಳಗೆ ಬಂದ ಮೇಲೆಯೇ ಆರ್ಕ್ ಹೊಡೆಯುತ್ತಾರೆ. ಅಳೆಯಲು ಪುಟ್ಟ ಮೀಟರ್ ಬರುತ್ತದೆ. ಮುಗಿದ ಮೇಲೆ ಒಳಗಿನ ಬಣ್ಣವೇ ಹೇಳುತ್ತದೆ. ಬೆಳ್ಳಿ ಅಥವಾ ತೆಳು ಒಣಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿ, ನೇರಳೆ ಅಂದರೆ ಪಿಕ್ಲಿಂಗ್ (ಆಮ್ಲ ಹಚ್ಚಿ ಆ ಪದರ ತೆಗೆಯುವುದು) ಬೇಕು. ಬೂದಿ, ಕಪ್ಪು ಬಂದರೆ ಕತ್ತರಿಸಿ ಮತ್ತೆ ಮಾಡುವುದೇ.

ಡೈರಿ ಮೆಂಟೆನೆನ್ಸ್

ಹಾಲಿನ ಪ್ಲಾಂಟುಗಳಲ್ಲೂ ಇದೇ ನಿಯಮ. ಹಾಲು ಹೋಗುವ ಪೈಪು ಟಿಗ್, ಪರ್ಜ್ ಕಡ್ಡಾಯ. ಆಹಾರ ತಾಗುವ ಮೇಲ್ಮೈ ಒರಟುತನ 0.8 ಮೈಕ್ರೋಮೀಟರ್ ಮೀರಬಾರದು. ರಾಡ್‌ನ ಸ್ಲ್ಯಾಗ್ ಚೂರು, ಮಿಗ್‌ನಲ್ಲಿ ಸಿಡಿದು ಅಂಟುವ ಸ್ಪ್ಯಾಟರ್ ಹನಿ, ಎರಡರ ಕೆಳಗೂ ಕೊಳೆ ನಿಲ್ಲುತ್ತದೆ. ಮೊದಲು ಬ್ಯಾಕ್ಟೀರಿಯಾ, ಆಮೇಲೆ ತುಕ್ಕು.

ಇನ್ನೊಂದು. ಟ್ಯಾಂಕಿನ ಒಳಗೆ ಬಿಟ್ಟು ಬಿಟ್ಟು ವೆಲ್ಡ್ ಹಾಕಬೇಡಿ. ಟೇಬಲ್ ಅಡಿಯ ಪಟ್ಟಿಗೆ ನಾಲ್ಕು ಕಡೆ ಟ್ಯಾಕ್ ಹಾಕಿ ಬಿಡುತ್ತಾರಲ್ಲ, ಆ ಸಂದಿಗೆ ಉಪ್ಪುನೀರು ನುಗ್ಗಿ ನಿಲ್ಲುತ್ತದೆ. ಒಳಗೆ ಆಮ್ಲಜನಕ ಸಿಗದೆ ರಕ್ಷಣೆಯ ಪದರ ಮತ್ತೆ ಕೂಡುವುದಿಲ್ಲ. ಸಂದಿಯಲ್ಲೇ ತಿನ್ನಲು ಶುರುವಾಗುತ್ತದೆ. ಪೂರ್ತಿ ಸುತ್ತ ವೆಲ್ಡ್ ಹಾಕಿ, ಇಲ್ಲವೇ ಆ ಪಟ್ಟಿಯೇ ಬೇಡದ ಹಾಗೆ ಶೀಟನ್ನು ಮಡಚಿ.

ಕಡಲ ಕಿನಾರೆ

ಮಾರಾಯ್ರೆ, ನಾನು ಉಡುಪಿ ಕಡೆಯವನು, ತುಕ್ಕು ಹಿಡಿದದ್ದನ್ನು ಸರಿ ಮಾಡುವುದೇ ನನ್ನ ಕೆಲಸ. ಇಲ್ಲಿ ರೈಲಿಂಗ್, ಗೇಟು, ಟೇಬಲ್ಲು ಅಂತ ಬರುವ ದೂರುಗಳಲ್ಲಿ ವೆಲ್ಡಿಂಗ್ ವಿಧಾನದ ತಪ್ಪು ಅಪರೂಪ. ಮೊದಲ ಕಾರಣ ಸ್ಟೀಲೇ ಬೇರೆ. 304 ಅಂತ ಹೇಳಿ 202 ಅನ್ನುವ ಬೇರೆ ಗ್ರೇಡ್ ಕೊಟ್ಟಿರುತ್ತಾರೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಬೆಂಗಳೂರಿನ ಹವೆಗೆ ನಡೆದೀತು, ಸಮುದ್ರದ ಗಾಳಿಗೆ ಮಳೆಗಾಲ ಮುಗಿಯುವ ಮೊದಲೇ ಕಂದು ಚುಕ್ಕೆ.

ಎರಡನೇ ಕಾರಣ ನಿಮ್ಮಂಥ ಶೆಡ್ಡುಗಳೇ, ಬೇಸರ ಮಾಡ್ಕೊಬೇಡಿ. ಎಂಎಸ್ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೇನ್‌ಲೆಸ್‌ಗೆ ಹಿಡಿಯುತ್ತೀರಿ. ಎಂಎಸ್ ತಂತಿ ಬ್ರಷ್ ಹಾಕುತ್ತೀರಿ. ಪಕ್ಕದಲ್ಲಿ ಎಂಎಸ್ ಕತ್ತರಿಸುವ ಕಿಡಿ ಬಂದು ಶೀಟಿಗೆ ಅಂಟುತ್ತದೆ. ಆ ಕಬ್ಬಿಣದ ಪುಡಿ ಮೊದಲು ತುಕ್ಕು ಹಿಡಿಯುತ್ತದೆ, ಆಮೇಲೆ ಕೆಳಗಿನ ಸ್ಟೀಲನ್ನೂ ಕೆಡಿಸುತ್ತದೆ. ಗಿರಾಕಿ ಮಾತ್ರ ವೆಲ್ಡರ್‌ನನ್ನು ಬೈಯುತ್ತಾನೆ.

ಮತ್ತೆ ಮೀನಿನ ಘಟಕದಲ್ಲಿ ತೊಳೆಯಲು ಹೈಪೋಕ್ಲೋರೈಟ್ ಹಾಕುತ್ತಾರೆ. ರಾತ್ರಿಯಿಡೀ ಟ್ಯಾಂಕಿನಲ್ಲಿ ಬಿಟ್ಟರೆ 316ಎಲ್‌ಗೂ ತೂತು ಬೀಳುತ್ತದೆ. ಬಿಲ್ ಜೊತೆ ಒಂದು ಚೀಟಿ ಕೊಡಿ: ತೊಳೆದಾದ ಮೇಲೆ ಸಿಹಿನೀರು ಹಾಯಿಸಬೇಕು ಅಂತ.

ಐಟಿಐ ಹುಡುಗ

ಅಣ್ಣ, 202 ಗೊತ್ತು ಮಾಡಲು ಅಯಸ್ಕಾಂತ ಸಾಕಲ್ವಾ? ಮತ್ತೆ ನಮ್ಮ ಶೆಡ್‌ನಲ್ಲಿ 304 ಶೀಟಿಗೆ ಅಯಸ್ಕಾಂತ ಹಿಡಿಯಲಿಲ್ಲ, ವೆಲ್ಡಿಗೆ ಮಾತ್ರ ಸ್ವಲ್ಪ ಹಿಡಿಯಿತು. ಫಿಲ್ಲರ್ ತಂತಿ ನಕಲಿಯಾ?

ಲೋಹ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಸಾಲದು. 202, 304, 316 ಮೂರೂ ಹೆಚ್ಚು ಕಡಿಮೆ ಅಯಸ್ಕಾಂತಕ್ಕೆ ಹಿಡಿಯುವುದಿಲ್ಲ. 430 ಅನ್ನುವ ಗ್ರೇಡ್ ಹಿಡಿಯುತ್ತದೆ. 202 ಪತ್ತೆಗೆ ಮ್ಯಾಂಗನೀಸ್ ತೋರಿಸುವ ಟೆಸ್ಟ್ ಕಿಟ್ ದ್ರಾವಣ ಬರುತ್ತದೆ, ಇಲ್ಲವೇ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇಯಿಂದ ಲೋಹದ ಅಂಶ ಅಳೆಯುವ ಉಪಕರಣ) ಇರುವ ಲ್ಯಾಬಿಗೆ ತುಂಡು ಕಳಿಸಿ. ಜೊತೆಗೆ ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರು (ಸ್ಟೀಲು ಕರಗಿಸಿದ ಬ್ಯಾಚಿನ ಸಂಖ್ಯೆ) ಶೀಟಿನ ಮೇಲಿರುವುದಕ್ಕೆ ಹೊಂದುತ್ತದಾ ನೋಡಿ.

ವೆಲ್ಡಿಗೆ ಸ್ವಲ್ಪ ಹಿಡಿದದ್ದು ಒಳ್ಳೆಯ ಲಕ್ಷಣ. 308ಎಲ್, 316ಎಲ್ ಫಿಲ್ಲರ್‌ಗಳನ್ನು ಬೇಕೆಂದೇ ಸ್ವಲ್ಪ ಫೆರೈಟ್ (ಅಯಸ್ಕಾಂತ ಹಿಡಿಯುವ ಸ್ಟೀಲಿನ ರೂಪ) ಉಳಿಯುವಂತೆ ಮಾಡಿರುತ್ತಾರೆ, ಫೆರೈಟ್ ನಂಬರ್ 3ರಿಂದ 10ರ ಆಸುಪಾಸು. ಅದು ಇಲ್ಲದೆ ಪೂರ್ತಿ ಆಸ್ಟೆನೈಟ್ (ಅಯಸ್ಕಾಂತ ಹಿಡಿಯದ ರೂಪ) ಆಗಿ ಗಟ್ಟಿಯಾದರೆ ಬಿಸಿ ಇರುವಾಗಲೇ ಮಧ್ಯದಲ್ಲಿ ಸೀಳುತ್ತದೆ. ಗಂಧಕ, ರಂಜಕದ ಕೊಳೆಯನ್ನು ಫೆರೈಟ್ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದಕ್ಕೇ 316ಎಲ್ ಶೀಟನ್ನು ಫಿಲ್ಲರ್ ಇಲ್ಲದೆ ಕರಗಿಸಿ ಅಂಟಿಸುವಾಗಲೂ ಎಚ್ಚರ ಬೇಕು.

ಹಾಗೇ ಫಿಲ್ಲರ್ ಬೆರಕೆ ಮಾಡಬೇಡಿ. 316ಎಲ್‌ಗೆ 308ಎಲ್ ಹಾಕಿದರೆ ಗಟ್ಟಿತನ ಬರುತ್ತದೆ, ಆದರೆ ವೆಲ್ಡಿನಲ್ಲಿ ಮಾಲಿಬ್ಡಿನಂ ಇರುವುದಿಲ್ಲ. 316ಎಲ್‌ನಲ್ಲಿ ಅದು 2ರಿಂದ 3 ಶೇಕಡಾ. ಉಪ್ಪಿಗೆ ತೂತು ಬೀಳದಂತೆ ತಡೆಯುವುದು ಅದೇ. ಟ್ಯಾಂಕಿನ ಕಾಲು ಎಂಎಸ್ ಆಗಿದ್ದರೆ ಆ ಜಾಯಿಂಟಿಗೆ 309ಎಲ್ ಫಿಲ್ಲರ್.

ಕಡಲ ಕಿನಾರೆ

ಮಲ್ಪೆಗೆ ಎಂಎಸ್ ಕಾಲಾ? ಅದಂತೂ ಬೇಡವೇ ಬೇಡ. ಜಿಐ (ಸತು ಲೇಪದ ಕಬ್ಬಿಣ) ಕಾಲೂ ಬೇಡ.

ಲೋಹ ಮೇಷ್ಟ್ರು

ಒಪ್ಪಿದೆ. ಜಿಐ ತುಂಡನ್ನು ಸ್ಟೇನ್‌ಲೆಸ್‌ಗೆ ವೆಲ್ಡ್ ಮಾಡುವುದು ಇನ್ನೂ ಕೆಟ್ಟದ್ದು. ಕರಗಿದ ಸತು ಕಣಗಳ ನಡುವೆ ನುಗ್ಗಿ ಬಿರುಕು ಬಿಡಿಸುತ್ತದೆ.

ಪೀಣ್ಯ ಶೆಡ್

ಇಷ್ಟು ಓದಿದ ಮೇಲೆ ಹೀಗೆ ಅಂದುಕೊಂಡಿದ್ದೇನೆ. ಪೈಪು, ಟ್ಯಾಂಕಿನ ಒಳ ಸೀಮು, ಮೂಲೆ ಎಲ್ಲ ಟಿಗ್, ಹಿಂದೆ ಆರ್ಗಾನ್. ಟೇಬಲ್ಲಿನ ಫ್ರೇಮು, ಚಾನೆಲ್ಲಿನ ಹೊರಭಾಗದ ಉದ್ದ ವೆಲ್ಡು ಮಿಗ್, ಆರ್ಗಾನ್ ಜೊತೆ 2 ಶೇಕಡಾ ಸಿಓಟು. ಸೈಟಿನಲ್ಲಿ ಸಣ್ಣ ಬ್ರಾಕೆಟ್ ಇದ್ದರೆ ರಾಡ್. ಶೆಡ್ಡಿನ ಒಂದು ಮೂಲೆಯನ್ನು ಪರದೆ ಹಾಕಿ ಸ್ಟೇನ್‌ಲೆಸ್‌ಗೆ ಮಾತ್ರ ಮೀಸಲಿಡುತ್ತೇವೆ, ಚಕ್ರ, ಬ್ರಷ್ ಬೇರೆ. ವೆಲ್ಡಿನ ಬಣ್ಣ ತೆಗೆಯಲು ನೈಟ್ರಿಕ್ ಆಮ್ಲ ಸಾಕಾ?

ಡೈರಿ ಮೆಂಟೆನೆನ್ಸ್

ಸಾಲದು. ನೈಟ್ರಿಕ್ ಅಥವಾ ಸಿಟ್ರಿಕ್‌ನಿಂದ ಪ್ಯಾಸಿವೇಷನ್ (ರಕ್ಷಣೆಯ ಪದರ ಮತ್ತೆ ಕೂರುವುದು) ಆಗುತ್ತದೆ, ಅಂಟಿದ ಕಬ್ಬಿಣ ಹೋಗುತ್ತದೆ. ಆದರೆ ನೀಲಿ ಬಣ್ಣ ಮತ್ತು ಅದರ ಕೆಳಗೆ ಕ್ರೋಮಿಯಂ ಕಳೆದುಕೊಂಡ ತೆಳು ಪದರ ಹೋಗಬೇಕಾದರೆ ಪಿಕ್ಲಿಂಗ್ ಪೇಸ್ಟ್ ಬೇಕು. ಅದರಲ್ಲಿ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ.

ಈ ಪೇಸ್ಟ್ ಬಗ್ಗೆ ಹುಡುಗರಿಗೆ ಕೂರಿಸಿ ಹೇಳಿ. ಚರ್ಮಕ್ಕೆ ತಾಗಿದರೆ ಮೊದಲು ಉರಿಯದೇ ಇರಬಹುದು, ಒಳಗೆ ಇಳಿದು ಮೂಳೆಯ ಕ್ಯಾಲ್ಸಿಯಂ ತನಕ ಹೋಗುತ್ತದೆ. ಮುಖಕ್ಕೆ ಶೀಲ್ಡ್, ಕೈಗೆ ಆಮ್ಲ ತಡೆಯುವ ಉದ್ದ ಗ್ಲೌಸ್, ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಬೇಕು. ತಾಗಿದರೆ ನೀರು ಹಾಕಿ, ಜೆಲ್ ಹಚ್ಚಿ, ನೇರ ಆಸ್ಪತ್ರೆಗೆ. ತೊಳೆದ ನೀರನ್ನು ಸುಣ್ಣ ಹಾಕಿ ತಟಸ್ಥ ಮಾಡಿ, ಅದರ ಗಷ್ಟನ್ನು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಚರಂಡಿಗೆ ಬಿಡಬೇಡಿ.

ವೈರ್ ಫೀಡರ್

ಹೊಗೆಯನ್ನೂ ಸೇರಿಸಿ. ಸ್ಟೇನ್‌ಲೆಸ್ ಹೊಗೆಯಲ್ಲಿ ಹೆಕ್ಸಾವ್ಯಾಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಇರುತ್ತದೆ. ರಾಡ್‌ನಲ್ಲಿ ಜಾಸ್ತಿ, ಟಿಗ್‌ನಲ್ಲಿ ತುಂಬ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುವುದು ರಕ್ಷಣೆಯಲ್ಲ, ಹೊಗೆ ಎಳೆಯುವ ಪೈಪು ಬೇಕು.

ರಾಡ್ ರಂಗಣ್ಣ

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಈ ಒಂದು ಮಾತಿಗೆ ಟಿಗ್ ಗೆದ್ದಿತು.

ಆದರೆ ಟಿಗ್‌ನವರು ಟ್ಯಾಂಕಿನ ಒಳಗಿಳಿದು ಮಾಡುವಾಗ ನೆನಪಿಡಿ. ಆರ್ಗಾನ್ ಭಾರ ಅಂತ ಮೇಲೆ ಹೇಳಿದರಲ್ಲ, ಅದು ಟ್ಯಾಂಕಿನ ತಳದಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿದ್ದವನಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಬ್ಲೋವರ್ ಹಾಕಿ, ಹೊರಗೆ ಒಬ್ಬ ನಿಂತಿರಬೇಕು. ಊಟಕ್ಕೆ ಹೋಗುವಾಗ ಸಿಲಿಂಡರ್ ವಾಲ್ವ್ ಮುಚ್ಚಿ, ಟಾರ್ಚನ್ನು ಹೊರಗೆ ತೆಗೆಯಿರಿ.

ಪೀಣ್ಯ ಶೆಡ್

ಖಂಡಿತ ಅಣ್ಣ. ಕೊನೆಯದಾಗಿ ಒಂದು: ಉದ್ದ ಪೈಪಿಗೆ ಪೂರ್ತಿ ಆರ್ಗಾನ್ ತುಂಬಿದರೆ ಸಿಲಿಂಡರು ಖಾಲಿಯಾಗುತ್ತದೆ. ಜಾಯಿಂಟಿನ ಎರಡು ಕಡೆ ಥರ್ಮಾಕೋಲ್ ತುರುಕಿದರೆ ನಡೆಯುತ್ತದಾ?

ಗಲ್ಫ್ ಪೈಪಿಂಗ್

ಥರ್ಮಾಕೋಲ್ ಬೇಡ, ಬಿಸಿಗೆ ಕರಗಿ ಒಳಗೆ ಕಾರ್ಬನ್ ಕೊಳೆ ಬಿಡುತ್ತದೆ. ನೀರಿನಲ್ಲಿ ಕರಗುವ ಪರ್ಜ್ ಪೇಪರ್ ಸಿಗುತ್ತದೆ. ಅದನ್ನು ಜಾಯಿಂಟಿನ ಎರಡೂ ಕಡೆ, ಬಿಸಿ ತಾಗದಷ್ಟು ದೂರದಲ್ಲಿ ಅಂಟಿಸಿ, ಮಧ್ಯದ ಜಾಗಕ್ಕೆ ಮಾತ್ರ ಗ್ಯಾಸ್ ಬಿಡಿ. ಜಾಯಿಂಟಿನ ಸಂದಿಗೆ ಹೊರಗಿನಿಂದ ಟೇಪು ಸುತ್ತಿ, ವೆಲ್ಡ್ ಮುಂದುವರಿದಂತೆ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋಗಿ. ಕೊನೆಯ ತುದಿ ಮುಚ್ಚುವಾಗ ಪರ್ಜ್ ಹರಿವು ಕಡಿಮೆ ಮಾಡಿ, ಇಲ್ಲದಿದ್ದರೆ ಒಳಗಿನ ಒತ್ತಡ ಕರಗಿದ ಲೋಹವನ್ನು ಹೊರಗೆ ಊದುತ್ತದೆ. ಲೈನ್ ಟೆಸ್ಟ್ ಮಾಡುವ ದಿನ ನೀರು ಹಾಯಿಸಿದರೆ ಪೇಪರ್ ಕರಗಿ ಹೋಗುತ್ತದೆ. ಟೆಸ್ಟಿಗೆ ಬೋರ್‌ವೆಲ್ ನೀರು ಬೇಡ, ಕ್ಲೋರೈಡ್ ಕಡಿಮೆ ಇರುವ ನೀರು ಹಾಕಿ. ಮುಗಿದ ದಿನವೇ ಖಾಲಿ ಮಾಡಿ ಒಣಗಿಸಿ.